ಹಿಟ್ಟು ಉಬ್ಬುವಷ್ಟು ಹೊತ್ತು

ಈ ದಿನ ಬೆಳಿಗ್ಗೆ ಎದ್ದು ಅಡುಗೆಮನೆಯ ದೀಪ ಹಾಕಿದರೆ, ಇಡ್ಲಿ ಹಿಟ್ಟು ಮುಚ್ಚಳವನ್ನು ಟೋಪಿಯ ಹಾಗೆ ಓರೆಯಾಗಿ ಎತ್ತಿಕೊಂಡು, ಕಟ್ಟೆಯ ಮೇಲೆ ಇಳಿದು, ಸಿಂಕಿನ ಕಡೆಗೆ ಅರ್ಧ ದಾರಿ ಹೊರಟುಬಿಟ್ಟಿತ್ತು. ಅಜ್ಜಂಪುರಕ್ಕೆ ಬೇಸಿಗೆ ಬಂತೆಂದು ನನಗೆ ಮೊದಲು ತಿಳಿಸುವುದು ಈ ಹಿಟ್ಟೇ. ನಿನ್ನೆಯವರೆಗೆ ಅದೇ ಪಾತ್ರೆಯಲ್ಲಿ ಅಷ್ಟೇ ಹಿಟ್ಟು ಸಭ್ಯವಾಗಿ ಕುಳಿತಿರುತ್ತದೆ. ಒಂದು ರಾತ್ರಿ ಸೆಕೆ ಏರಿತೋ, ಅದಕ್ಕೆ ಮನೆಯಲ್ಲಿ ನಿಲ್ಲಲು ಮನಸ್ಸಿಲ್ಲ.

ನಮ್ಮ ಯಜಮಾನರಿಗೆ ಕಡೂರಿನಲ್ಲಿ ಕೆಲಸ. ಬೆಳಗಿನ ರೈಲು ತಪ್ಪಿದರೆ ಇಡೀ ದಿನ ಅವರ ಮುಖ ನೋಡುವ ಹಾಗಿರುವುದಿಲ್ಲ. ಹಾಗಾಗಿ ಒಂದು ಕೈಯಲ್ಲಿ ಕಟ್ಟೆ ಒರೆಸುತ್ತ, ಇನ್ನೊಂದರಲ್ಲಿ ತಟ್ಟೆಗಳಿಗೆ ಎಣ್ಣೆ ಸವರುತ್ತ, ದಿನವೂ ಹೇಳಿಕೊಳ್ಳುವ ಹಾಡನ್ನು ಇವತ್ತು ದಡಬಡನೆ ಹೇಳಿ ಮುಗಿಸಿದೆ. ಹಿಟ್ಟು ಹೊಯ್ಯುವಾಗ ಆ ಹಾಡು ಹೇಳುವುದು ನನಗೆ ಅಭ್ಯಾಸ. ನೀವು ಯಾವುದೋ ದೇವರನಾಮವಿರಬೇಕು ಅಂದುಕೊಂಡಿರಬಹುದು. ಅಲ್ಲ. ಅದು ಅಮೆರಿಕದ ಒಬ್ಬ ಹೆಂಗಸು ಬರೆದ ಪದ್ಯ. ಅವಳ ಹೆಸರು ಹೇಳಿದರೆ ನಿಮಗೆ ಗೊತ್ತಾಗಲಿಕ್ಕಿಲ್ಲ, ಉಚ್ಚಾರಣೆ ನನಗೂ ಖಾತ್ರಿಯಿಲ್ಲ. ಅದಕ್ಕೆ ರಾಗ ಹಾಕಿದವರು ಮಾತ್ರ ನಮ್ಮ ತರೀಕೆರೆಯವರು, ಸೆಲಿನ್ ಮಿಸ್.

ಸೆಲಿನ್ ಮಿಸ್ ನಮಗೆ ಕಾನ್ವೆಂಟಿನಲ್ಲಿ ಇಂಗ್ಲಿಷೂ ಹಾಡೂ ಹೇಳಿಕೊಟ್ಟವರು. ಅವರ ತಂದೆ ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಗುಮಾಸ್ತರಾಗಿ ಬಂದು, ಆ ಕೆಲಸ ಮುಗಿದ ಮೇಲೆ ತರೀಕೆರೆಯಲ್ಲೇ ನಿಂತವರು. ಮಿಸ್ ಮದುವೆಯಾಗಲಿಲ್ಲ. ಗಂಜಿ ಹಾಕಿದ ಸೀರೆ, ಎಡಗೈಯಲ್ಲಿ ಗಡಿಯಾರ, ಅದರ ಪಟ್ಟಿಯೊಳಗೆ ಮಡಿಸಿ ಸಿಕ್ಕಿಸಿದ ಕರವಸ್ತ್ರ. ನಾವು ಹಾಡುವಾಗ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಲ್ಲಬೇಕು. ಗೂನು ಬೆನ್ನಿನಿಂದ ಗೂನು ಸ್ವರ ಬರುತ್ತದೆ ಎಂದು ಅವರ ನಂಬಿಕೆ. ಇಂದಿಗೂ ನಾನು ಆರತಿ ಹಾಡು ಹೇಳುವಾಗ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಅದನ್ನು ನೋಡಿ, “ಇದೇನೇ, ಹಸೆ ಮುಂದೆ ಪೆರೇಡಿಗೆ ನಿಂತಂಗೆ ನಿಂತಿದೀಯಲ್ಲ!” ಎಂದು ನೆಂಟರ ಎದುರಿಗೇ ನಕ್ಕಿದ್ದರು.

ಕೆಲವು ವರ್ಷಗಳ ಹಿಂದೆ ತವರಿಗೆ ಹೋಗಿದ್ದಾಗ ತರೀಕೆರೆಯ ಸಂತೆಯಲ್ಲಿ ಮಿಸ್ ಸಿಕ್ಕಿದರು. ಆಗಲೇ ನಿವೃತ್ತರು. ನುಗ್ಗೇಕಾಯಿ ಆರಿಸುತ್ತಿದ್ದವರು ನನ್ನ ದನಿ ಕೇಳಿ ತಿರುಗಿ, ಹೇಗಿದ್ದೀ ಎಂದೂ ಕೇಳದೆ, “ನೀನು ಈಗ್ಲೂ ಹಾಡ್ತೀಯೇನೇ?” ಎಂದರು.

“ಭಜನೇಲಿ ಎಲ್ರ ಜೊತೆ ಗೊಣಗ್ತೀನಿ ಮಿಸ್.”

“ಗೊಣಗೋರೇ ಬೇಕು ನಂಗೆ. ಬಾ ಮನೆಗೆ.”

ಅವರ ಮನೆಯಲ್ಲಿ ಕಾಫಿಗಿಂತ ಮೊದಲು ಹಾರ್ಮೋನಿಯಂ ಬಂತು. ಎಂದೋ ಶಾಲೆಗೆ ಬಂದಿದ್ದ ಹಳೆಯ ಪುಸ್ತಕಗಳ ಪೆಟ್ಟಿಗೆಯಲ್ಲಿ ಅವರಿಗೆ ಆ ಅಮೆರಿಕದವಳ ಪದ್ಯಗಳು ಸಿಕ್ಕಿದ್ದವಂತೆ. ಬಟಾಬಯಲಿನ ನಡುವೆ ಒಂದು ರೈಲ್ವೆ ಊರು. ಅಲ್ಲಿ ಬ್ರೆಡ್ ಸುಡುತ್ತ, ಬಟ್ಟೆ ಒಗೆಯುತ್ತ ಬರೆದವಳು. ಮಿಸ್ ವರ್ಷಗಟ್ಟಲೆ ಆ ಪದ್ಯಗಳನ್ನು ಬಾಯಲ್ಲಿ ಇಟ್ಟುಕೊಂಡು ಓಡಾಡಿ, ಒಂದಕ್ಕೆ ರಾಗ ಹಾಕಿ ಮುಗಿಸಿದ್ದರು. ಚರ್ಚಿನ ಹಾಡುಗಾರರಿಗೆ ಅದು ಪ್ರಾರ್ಥನೆಯಲ್ಲವಾದ್ದರಿಂದ ಬೇಡವಾಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಪೆನ್‌ಡ್ರೈವ್ ಬಂದುಬಿಟ್ಟಿತ್ತು. ಮಕ್ಕಳು ಹಾಡುವುದು ಬಿಟ್ಟು ಕುಣಿಯುತ್ತಿದ್ದರು.

“ಒಂದ್ಸಲ ಯಾರಾದ್ರೂ ಕೇಳ್ಬೇಕು ಕಣೇ,” ಎಂದರು ಮಿಸ್. “ಹೊಗಳೋದು ಬೇಡ. ಕೂತು ಕೇಳಿದ್ರೆ ಸಾಕು. ನನ್ನ ಕಿವಿ ಒಳಗೇ ಎಷ್ಟು ದಿನ ಇಟ್ಕೊಂಡಿರ್ಲಿ ಅದನ್ನ?”

ಜನ್ಮದಲ್ಲಿ ಯಾರನ್ನೂ ಏನೂ ಬೇಡಿದವರಲ್ಲ ಅವರು. ನನಗೆ ಬೇಡವೆನ್ನಲು ನಾಲಿಗೆ ಬರಲಿಲ್ಲ. ಆದರೆ ಅಜ್ಜಂಪುರದಲ್ಲಿ ನನಗೆ ಗೊತ್ತಿದ್ದ ಸಭೆ ಎಂದರೆ ನಮ್ಮ ಹೆಂಗಸರ ಭಜನಾ ಮಂಡಳಿಯೊಂದೇ. ಅಲ್ಲಿ ಇಂಗ್ಲಿಷ್ ಹಾಡಿದರೆ ಪಾನಕ ಕೊಟ್ಟು ಕಳಿಸುತ್ತಾರೆ. “ಕನ್ನಡದಲ್ಲಿ ಇದ್ದಿದ್ರೆ...” ಎಂದು ರಾಗ ಎಳೆದೆ. “ಮಾಡು ಮತ್ತೆ! ಅಷ್ಟು ವರ್ಷ ನಿಂಗೆ ಇಂಗ್ಲಿಷ್ ಯಾಕೆ ಕಲಿಸಿದ್ದು?” ಎಂದರು.

ಮಾಡಿದೆ. ನನ್ನ ಪದ್ಯದ ಯೋಗ್ಯತೆ ನನಗೆ ಗೊತ್ತು. ಆದರೂ ಹೇಳುತ್ತೇನೆ, ನಗಬೇಡಿ:

ಬಟ್ಟೆಯ ಕೆಳಗೆ ಹಿಟ್ಟು ಮಲಗಿದೆ,
ಊರಿನ ಆಚೆ ಗಾಡಿ ಹೊರಟಿದೆ.
ಯಾರೂ ನೋಡದ ಹೊತ್ತಿನಲ್ಲಿ
ಎರಡೂ ಒಂದಿಷ್ಟು ದೂರ ಹೋಗಿವೆ.
ಬಟ್ಟೆ ಎತ್ತಿ ನೋಡಿದೆ —
ಬೆಳಗಾಗಿತ್ತು.

ಇಷ್ಟೇ. ಮಿಸ್ ಇದಕ್ಕಾಗಿ ತಮ್ಮ ರಾಗವನ್ನು ಬಿಚ್ಚಿ ಮತ್ತೆ ಹೊಲಿದರು. ರವಿಕೆ ಹೊಲಿಯುವವರ ಹಾಗೆ, ಕನ್ನಡದ ಮಾತು ಇಂಗ್ಲಿಷಿಗಿಂತ ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ನೋಡಿ ನೋಡಿ ಅಲ್ಲಲ್ಲಿ ಬಿಟ್ಟರು, ಅಲ್ಲಲ್ಲಿ ಹಿಡಿದರು. ‘ಮಲಗಿದೆ’ ಎಂಬಲ್ಲಿ ಸ್ವರ ನಿಜವಾಗಿಯೂ ಮಲಗುತ್ತಿತ್ತು. ‘ಹೊರಟಿದೆ’ ಎಂಬಲ್ಲಿ ಹಾರ್ಮೋನಿಯಂನ ಕೆಳಗಿನ ಸ್ವರದ ಮನೆಗಳಲ್ಲಿ ದೂರದ ಗೂಡ್ಸ್ ಗಾಡಿ ಶುರುವಾಗುತ್ತಿತ್ತು. ನಮ್ಮ ಹಾಡುಗಳಲ್ಲಿ ಹಾರ್ಮೋನಿಯಂ ಹಾಡುವವರ ಹಿಂದೆಯೇ ಬರುತ್ತದಲ್ಲವೇ? ಇದರಲ್ಲಿ ಹಾಗಿಲ್ಲ. ನಾನು ಹಿಟ್ಟಿನ ಮಾತು ಆಡುತ್ತಿದ್ದರೆ ಅದು ರೈಲಿನ ಮಾತು ಆಡುತ್ತದೆ. ಗಂಡ ಹೆಂಡತಿ ಒಂದೇ ಮನೆಯಲ್ಲಿ ಬೇರೆ ಬೇರೆ ವಿಷಯ ಮಾತಾಡಿಕೊಂಡೂ ಸಂಸಾರ ಸರಿಯಾಗಿಯೇ ನಡೆಯುವುದಿಲ್ಲವೇ, ಹಾಗೆ.

ನನಗೆ ಬಹಳ ಕಷ್ಟವಾದದ್ದು ಮುಂದಕ್ಕೆ ಹೋಗುವುದು. ಭಜನೆಯ ನಾಲಿಗೆ ನನ್ನದು. ಒಂದು ಸಾಲು ಹೇಳಿದರೆ ಅದನ್ನೇ ಇನ್ನೊಮ್ಮೆ ಹೇಳಿ, ಸ್ವಲ್ಪ ಜಾರಿ, ಸ್ವಲ್ಪ ಅಲುಗಿಸಿ, ಪಲ್ಲವಿಗೆ ಬಂದು ಕುಳಿತರೇ ಸಮಾಧಾನ. ಮಿಸ್ ಫೋನಿನಲ್ಲೇ ಗದರುತ್ತಿದ್ದರು: “ತಿರುಗಿ ನೋಡ್ಬೇಡ! ಒಂದ್ಸಲ ಹೇಳಿದ ಮಾತು ಮುಗೀತು. ಬಸ್ಸು ಹಿಂದಕ್ಕೆ ಬರಲ್ಲ.” ಹೌದು, ಫೋನಿನಲ್ಲೇ ಅಭ್ಯಾಸ. ಅವರು ತರೀಕೆರೆಯಲ್ಲಿ ಹಾರ್ಮೋನಿಯಂ ಪಕ್ಕ ಮೊಬೈಲ್ ಇಟ್ಟು ನುಡಿಸುವುದು, ನಾನು ಇಲ್ಲಿ ಒಗ್ಗರಣೆ ಡಬ್ಬಕ್ಕೆ ಮೊಬೈಲ್ ಒರಗಿಸಿಕೊಂಡು ಹಾಡುವುದು. ಯಜಮಾನರು ಒಂದು ದಿನ ಇಣುಕಿ, “ಇಡ್ಲಿ ಹಿಟ್ಟಿನ ಹಾಡಾಯ್ತು. ಚಟ್ನಿದು ಯಾವಾಗ ಕಣೇ?” ಎಂದರು. ಆ ಕಡೆಯಿಂದ ಮಿಸ್, “ಅವರಿಗೆ ಹೇಳು, ಚಟ್ನಿಗೆ ಪದ್ಯ ಬರೆದೋರು ಇನ್ನೂ ಸಿಕ್ಕಿಲ್ಲ ಅಂತ,” ಎಂದರು. ಅಲ್ಲಿಂದ ಮುಂದೆ ಅಭ್ಯಾಸದ ಹೊತ್ತಿಗೆ ಯಜಮಾನರು ಅಂಗಳದಲ್ಲೇ ಪೇಪರ್ ಓದತೊಡಗಿದರು.

ಆದರೆ ಮಿಸ್‌ರ ಜೀವವೆಲ್ಲ ಇದ್ದದ್ದು ಒಂದೇ ಕಡೆ. ‘ಬಟ್ಟೆ ಎತ್ತಿ ನೋಡಿದೆ’ ಆದ ಮೇಲೆ ಅವರು ಒಂದು ಮೌನ ಇಟ್ಟಿದ್ದರು. ನಾನೂ ಸುಮ್ಮನೆ, ಹಾರ್ಮೋನಿಯಮ್ಮೂ ಸುಮ್ಮನೆ. ಒಂದು ದೀರ್ಘ ಉಸಿರು ತೆಗೆದು ಬಿಡುವಷ್ಟು ಹೊತ್ತು. ಆಮೇಲೆ ‘ಬೆಳಗಾಗಿತ್ತು.’ “ಹಿಟ್ಟು ಉಬ್ಬೋದು ಅಲ್ಲೇ ಕಣೇ,” ಎನ್ನುತ್ತಿದ್ದರು. “ಉಳಿದಿದ್ದೆಲ್ಲ ಅದಕ್ಕೆ ಪಾತ್ರೆ. ಆ ಮೌನ ಕೆಟ್ರೆ ಹಾಡೇ ಇಲ್ಲ.”

ಮಂಡಳಿಯ ಹಿರಿಯರು ಗಿರಿಜಕ್ಕ. ಅವರನ್ನು ಕೇಳಲು ಹೋದಾಗ ಬೆಳ್ಳುಳ್ಳಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡು, “ಅಮೇರಿಕದೋಳು ಹಿಟ್ಟಿನ ಮೇಲೆ ಬರ್ದವ್ಳಾ? ಪಾಪ, ಅವ್ಳಿಗೂ ಇದೇ ಪಾಡು ಅನ್ನು. ನಡೀಲಿ. ಆದ್ರೆ ಮಂಗಳಾರತಿಗೆ ಮುಂಚೆ ಮುಗೀಬೇಕು,” ಎಂದರು.

ಆ ಶನಿವಾರ ಮಿಸ್ ತರೀಕೆರೆಯಿಂದ ಬಸ್ಸಿನಲ್ಲಿ ಬಂದರು. ಹಾರ್ಮೋನಿಯಂ ಪಕ್ಕದ ಸೀಟಿನಲ್ಲಿ, ಕಿಟಕಿ ಕಡೆ. ಕಂಡಕ್ಟರು, “ಇವ್ರಿಗೂ ಟಿಕೆಟ್ಟಾ ಮೇಡಂ?” ಎಂದು ಕೇಳಿದ್ದಕ್ಕೆ, “ಇವರು ಹಾಡೋಕೆ ಹೋಗ್ತಿದಾರೆ, ಗಾಳಿ ಬೇಕು,” ಎಂದರಂತೆ. ಭಜನೆ ನಡೆಯುವ ರಾಮಮಂದಿರದ ಪಕ್ಕವೇ ಈರುಳ್ಳಿ ಮಂಡಿ. ಸುಗ್ಗಿಯ ಕಾಲ, ಊದುಬತ್ತಿ ಎಷ್ಟು ಹಚ್ಚಿದರೂ ಗೆಲ್ಲುವುದು ಈರುಳ್ಳಿಯೇ. ಮಿಸ್ ಒಳಗೆ ಬಂದವರು ಮೂಗು ಮುಚ್ಚಲಿಲ್ಲ. ಕರವಸ್ತ್ರ ತೆಗೆದು ಹಾರ್ಮೋನಿಯಂನ ಮನೆಗಳನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ನಮಗೆ ಪರೀಕ್ಷೆಯ ದಿನ ಧೈರ್ಯ ಹೇಳುತ್ತಿದ್ದವರು ಅವರು.

ನಾನು ಎದ್ದು ನಿಂತೆ. ಕೈ ಬೆನ್ನ ಹಿಂದೆ ಹೋಯಿತು. ಯಾರೋ ಕಿಸಕ್ಕನೆ ನಕ್ಕರು. ಹಾಡು ಶುರುವಾಯಿತು.

ನಮ್ಮ ಮಂಡಳಿಯ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಒಬ್ಬರು ಸಾಲು ಹೇಳಿಕೊಡುತ್ತಾರೆ, ಮಿಕ್ಕವರೆಲ್ಲ ಅದನ್ನೇ ತಿರುಗಿ ಹೇಳುತ್ತಾರೆ. ಹೇಳದೆ ಸುಮ್ಮನೆ ಕುಳಿತರೆ ದೇವರಿಗೂ ಹಾಡಿದವರಿಗೂ ಅವಮಾನ. ಮಿಸ್‌ರ ಹಾಡಿನಲ್ಲಿ ತಿರುಗಿ ಹೇಳಲು ಎಲ್ಲೂ ಸಂದಿಯೇ ಇಲ್ಲ. ಒಂದು ಸಾಲಿನ ಬಾಲಕ್ಕೆ ಇನ್ನೊಂದು ಸಾಲು. ನಮ್ಮವರು ಪಾಪ, ತಾಳ ಎತ್ತಿಕೊಂಡು, ಬಾಯಿ ಅರ್ಧ ತೆರೆದು, ಜಾಗ ಸಿಗುತ್ತದೋ ಎಂದು ಕಾಯುತ್ತಿದ್ದರು. ರಷ್ ಬಸ್ಸಿನಲ್ಲಿ ನಿಂತವರು ಸೀಟು ಕಾಯುವ ಹಾಗೆ. ಅದು ನನಗೆ ಕಾಣುತ್ತಿತ್ತು, ಅರ್ಥವಾಗಲಿಲ್ಲ.

‘ಬಟ್ಟೆ ಎತ್ತಿ ನೋಡಿದೆ...’

ಮೌನ ಬಂತು. ಬಂದಿತೋ ಇಲ್ಲವೋ, ಇಡೀ ಮಂಡಳಿ ಒಂದೇ ದನಿಯಲ್ಲಿ, ತಾಳದ ಸಮೇತ, “ಬಟ್ಟೆ ಎತ್ತಿ ನೋಡಿದೇ!” ಎಂದುಬಿಟ್ಟಿತು.

ನಾನು ಮಿಸ್ ಕಡೆಗೆ ನೋಡಿದೆ. ಅವರ ಕೈಗಳು ಮನೆಗಳ ಮೇಲೆ ಗಾಳಿಯಲ್ಲಿ ನಿಂತಿದ್ದವು. ಅಷ್ಟು ವರ್ಷ ಕಿವಿಯೊಳಗೆ ಕಾಪಾಡಿದ್ದು, ಕೇಳಿದ ಮೊದಲ ದಿನವೇ ಹೋಯಿತಲ್ಲ ಎಂದುಕೊಂಡೆ. ಆ ಯೋಚನೆಯಲ್ಲಿ ‘ಬೆಳಗಾಗಿತ್ತು’ ಎನ್ನುವ ಹೊತ್ತು ದಾಟಿಹೋಯಿತು. ನಾನು ಮರೆತೆನೆಂದುಕೊಂಡು, ಸಾಲು ನೆನಪಿಸಿಕೊಡುವ ಒಳ್ಳೆಯತನದಿಂದ, ಗಿರಿಜಕ್ಕ ಎಲ್ಲರನ್ನೂ ಕರೆದುಕೊಂಡು ಮತ್ತೊಮ್ಮೆ ಶುರುಮಾಡಿದರು: “ಬಟ್ಟೆ ಎತ್ತಿ ನೋಡಿದೇ...” ಈ ಸಲ ತಾಳವಿಲ್ಲ, ಮೆಲ್ಲಗೆ. ಹಿಟ್ಟಿನ ಪಾತ್ರೆಯನ್ನು ನಿಜವಾಗಿಯೂ ನೋಡುವವರ ಹಾಗೆ ಅವರವರಿಗೇ ಹೇಳಿಕೊಂಡರು. ಅವರಲ್ಲಿ ನೋಡದವರು ಯಾರಿದ್ದರು?

ಆಗ ಮಿಸ್‌ರ ಕೈ ಇಳಿಯಿತು. ಮಂಡಳಿಯವರ ದನಿಯ ಕೆಳಗೆ ಆ ಗೂಡ್ಸ್ ಗಾಡಿಯನ್ನು ಮೆಲ್ಲಗೆ ಓಡಿಸಿದರು. ನನ್ನ ಕಡೆ ನೋಡಿ ತಲೆ ಆಡಿಸಿದರು. ನಾನು ಹೇಳಿದೆ: ‘ಬೆಳಗಾಗಿತ್ತು.’ ಮಂಡಳಿ ಅದನ್ನೂ ತಿರುಗಿ ಹೇಳಿತು. ಹೊರಗೆ ಸಂಜೆ ಕವಿಯುತ್ತಿತ್ತು. ಯಾರಿಗೂ ಅದರ ಪರಿವೆ ಇರಲಿಲ್ಲ.

“ಇನ್ನೊಂದ್ಸಲ ಹೇಳ್ಕೊಡ್ರಿ ಮಿಸ್ಸು, ಈಗ ಬಂತು ನಮ್ಗೆ!” ಎಂದರು ಗಿರಿಜಕ್ಕ. ಮಂಗಳಾರತಿ ಆ ದಿನ ತಡವಾಯಿತು.

ಬಸ್ ಸ್ಟ್ಯಾಂಡಿನಲ್ಲಿ ನಾನು, “ನಿಮ್ಮ ಮೌನ ಹೋಯ್ತಲ್ಲ ಮಿಸ್,” ಎಂದೆ. ಮಿಸ್‌ಗೆ ನಗು ತಡೆಯಲಾಗಲಿಲ್ಲ. ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕರು.

“ಸೀಟು ಖಾಲಿ ಬಿಟ್ರೆ ಯಾರಾದ್ರೂ ಬಂದು ಕೂತ್ಕೊಳ್ತಾರೆ ಕಣೇ. ಆ ಹಿಟ್ಟು ಕಾಯೋದು ನಾನು ಮತ್ತೆ ಆ ಅಮೆರಿಕದೋಳು, ಇಬ್ರೇ ಅಂದ್ಕೊಂಡಿದ್ದೆ. ಅಲ್ಲಿದ್ದೋರೆಲ್ಲ ಕಾಯ್ತಿದ್ರಲ್ಲೇ!” ಬಸ್ ಬಂತು. ನಾನು ಹಾರ್ಮೋನಿಯಂ ಹತ್ತಿಸಿ ಇಳಿಯುವಾಗ ಮಿಸ್ ನನ್ನ ಕೈ ಹಿಡಿದು, “ಭಜನೇಲಿ ಅವರು ಹೇಳಿದ ಹಾಗೇ ಹಾಡ್ಲಿ. ಆದ್ರೆ ಮನೇಲಿ ನೀನೊಬ್ಳೇ ಇರುವಾಗ ಆ ಜಾಗ ಖಾಲಿ ಬಿಡು. ನನ್ನದೂ ಎಲ್ಲಾದ್ರೂ ಒಂದ್ಕಡೆ ಇರ್ಲಿ,” ಎಂದರು.

ಈಗ ಮಿಸ್ ಹಾಸನದಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ. ಬೆರಳು ಮಡಚುವುದು ಕಷ್ಟ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಮಂಡಳಿಯಲ್ಲಿ ಹಿಟ್ಟಿನ ಹಾಡು ಇಂದಿಗೂ ನಡೆಯುತ್ತದೆ, ತಾಳದ ಸಮೇತ. ಮನೆಯಲ್ಲಿ ಮಾತ್ರ ನಾನು ಕೊಟ್ಟ ಮಾತಿನಂತೆ ‘ನೋಡಿದೆ’ ಆದ ಮೇಲೆ ಸೌಟು ಎತ್ತಿ ಹಿಡಿದು, ಉಸಿರೆಳೆದು, ಸುಮ್ಮನೆ ನಿಲ್ಲುತ್ತೇನೆ. ಅದು ಮಿಸ್‌ರ ಪಾಲು. ಇವತ್ತೇ ಮೊದಲ ಬಾರಿಗೆ, ಆ ಚೆಲ್ಲಿದ ಹಿಟ್ಟಿನ ಗಡಿಬಿಡಿಯಲ್ಲಿ, ನಿಲ್ಲದೆ ‘ಬೆಳಗಾಗಿತ್ತು’ ಎಂದು ಹೇಳಿ ಓಡಿದ್ದು. ಇಡೀ ದಿನ ಅದು ಕಾಲಿಗೆ ಚುಚ್ಚಿದ ಸಣ್ಣ ಮುಳ್ಳಿನ ಹಾಗೆ ಇತ್ತು.

ಸಂಜೆ ತುಳಸಿಗೆ ನೀರು ಹಾಕುತ್ತಿದ್ದೆ. ಗೋಡೆಯ ಆಚೆ ಪಕ್ಕದ ಮನೆಯ ಪುಷ್ಪ ಬಟ್ಟೆ ತೆಗೆಯುತ್ತಿದ್ದಳು. ದೇವನೂರಿನ ಕಡೆಯವರು, ಬಂದು ವರ್ಷವಾಯಿತೋ ಏನೋ. ಅವಳ ಅತ್ತೆಗೆ ಮಂಡಿ ನೋವು. ಹೊರಗೆ ಬರುವುದಿಲ್ಲ, ಭಜನೆಗೂ ಇಲ್ಲ. ಅವರ ಅಡುಗೆಮನೆಯ ಕಿಟಕಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರೇ ಇದ್ದರೂ ಆ ಅಜ್ಜಿಯ ದನಿಯನ್ನು ನಾನು ಕೇಳಿದ ನೆನಪೂ ಇಲ್ಲ.

ಪುಷ್ಪ ಬಾಯಲ್ಲಿದ್ದ ಕ್ಲಿಪ್ಪು ತೆಗೆದು, ಸೀರೆ ಮಡಿಸುತ್ತಲೇ ಹೇಳಿದಳು: “ಅಲ್ಲ ಅಕ್ಕ, ದಿನಾ ನೀವು ‘ಬಟ್ಟೆ ಎತ್ತಿ ನೋಡಿದೆ’ ಅಂತ ನಿಲ್ಸಿದ್ ಕೂಡ್ಲೆ ನಮ್ಮತ್ತೆ ಮಂಚದ್ ಮೇಲಿಂದ್ಲೇ ಮೆಲ್ಲಗೆ ತಿರುಗಿ ಹೇಳ್ತಾರೆ. ಇವತ್ತು ನೀವು ಹಂಗೇ ಓಡ್ಬಿಟ್ರಿ, ಅವರದ್ದು ಅರ್ಧಕ್ಕೇ ನಿಂತೋಯ್ತು. ನಾಳೆ ಒಂಚೂರು ತಡ್ಕೊಳ್ಳಿ, ಆಯ್ತಾ?”