ಪದಕ್ಕೆ ಕಾಯುವ ಕಿವಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎದ್ದ ಕಟ್ಟಡದ ಮೇಲ್ಮಹಡಿಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬ ಹೆಂಗಸು ಕೂತಿದ್ದಾರೆ. ನಡುವಯಸ್ಸು, ಕಾಲಿಗೆ ಗಂಡಸರ ಬೂಟು, ತೊಡೆಯ ಮೇಲೆ ಬಟ್ಟೆಯ ಚೀಲ. ಎದುರಿಗೆ ಗಾರೆ ಮೇಸ್ತ್ರಿ ಹಸಿ ಕಾಂಕ್ರೀಟಿನ ಮೇಲೆ ಮರದ ಪಟ್ಟಿ ಎಳೆದು ಮಟ್ಟ ಮಾಡುತ್ತಿದ್ದಾರೆ. ಈಕೆ ಏನನ್ನೂ ಕೇಳುವುದಿಲ್ಲ. ಮೇಸ್ತ್ರಿಯ ಮಂಡಿನೋವು, ಮರಳಿನ ಗುಣ, ಹೋದ ವಾರ ಮುರಿದ ಏಣಿ, ಎಲ್ಲದಕ್ಕೂ ತಲೆದೂಗುತ್ತಾರೆ. ಯಾರೋ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದ್ದೇ ಮೇಸ್ತ್ರಿ ತಿರುಗಿ ಕೂಗುತ್ತಾರೆ: “ಅಲ್ಲೇ ನಿಲ್ಲಪ್ಪ, ಇನ್ನೂ ಸೆಟ್ ಆಗಿಲ್ಲ.”

ಹೆಂಗಸು ಚೀಲದಿಂದ ಒಂದು ಕಾರ್ಡು ತೆಗೆದು ಆ ವಾಕ್ಯವನ್ನು ಇದ್ದ ಹಾಗೇ ಬರೆದುಕೊಳ್ಳುತ್ತಾರೆ. ಬರುತ್ತೇನೆಂದು ಹೇಳಿ ಎದ್ದುಬಿಡುತ್ತಾರೆ. ಈ ಒಂದು ಪದಕ್ಕಾಗಿ ಅವರು ನಿನ್ನೆಯೂ ಇಲ್ಲೇ ಕೂತಿದ್ದರು. ನಿನ್ನೆ ಮೇಸ್ತ್ರಿ ಪ್ರಪಂಚದಲ್ಲಿರುವುದನ್ನೆಲ್ಲ ಆಡಿದರು, ಅದೊಂದನ್ನು ಬಿಟ್ಟು.

ಕಟ್ಟಡದವರು, ಗ್ಯಾರೇಜಿನವರು, ಬಡಗಿಗಳು ಎಲ್ಲರೂ ಅವರನ್ನು ಕರೆಯುವುದು ‘ಕಿವಿಯಕ್ಕ’ ಎಂದು. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದವರು. ಎಕ್ಸ್‌ಚೇಂಜ್ ಮುಚ್ಚಿತು, ಕಿವಿ ಉಳಿಯಿತು. ಆ ಕಿವಿಗೆ ಕೆಲಸ ಕೊಟ್ಟದ್ದು ಒಂದು ಸಣ್ಣ ನಿಘಂಟು ಕಚೇರಿ. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ, ಒಳಗೆ ಹೋದರೆ ಕಾಗದದ ವಾಸನೆಗಿಂತ ಮೊದಲು ಮೂಗಿಗೆ ಬಡಿಯುವುದು ಕೆಳಗಿನ ಅಂಟಿನ ವಾಸನೆ. ದುಡಿಯುವವರ ನಾಲಿಗೆಗೆ ಬಂದು ನಮ್ಮವೇ ಆಗಿಹೋದ ಇಂಗ್ಲಿಷ್ ಪದಗಳನ್ನು ಯಾವ ಕಸುಬಿನವರು ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ತೋರಿಸುವ ಪುಸ್ತಕ ಅಲ್ಲಿ ತಯಾರಾಗುತ್ತಿದೆ. ಕಚೇರಿಯಲ್ಲಿ ಕೂತು ಬರೆಯುವವರು ಬೇರೆ. ಬಿಸಿಲಲ್ಲಿ ಹೋಗಿ ಮಾತು ಹೆಕ್ಕಿ ತರುವವರು ಕಿವಿಯಕ್ಕ.

ಈಗ ಅವರ ಚೀಲದಲ್ಲಿರುವುದು ‘ಸೆಟ್’. ಇಷ್ಟು ಗಿಡ್ಡ ಪದ ಇಷ್ಟು ಮನೆ ಹೊಕ್ಕಿರಬಹುದೆಂದು ಅವರಿಗೂ ಗೊತ್ತಿರಲಿಲ್ಲ. ಗಾರೆಯವರಿಗೆ ಅದು ಗಟ್ಟಿಯಾಗುವುದು. ಆಸ್ಪತ್ರೆಯ ಪಟ್ಟಿ ಕಟ್ಟುವ ಕೋಣೆಯಲ್ಲಿ ಮುರಿದ ಮೂಳೆ ಮತ್ತೆ ಕೂಡುವುದು, ಅದೇ ಆಸ್ಪತ್ರೆಯ ಇನ್ನೊಂದು ಬಾಗಿಲ ಹಿಂದೆ ಕುದಿಸಿ ಜೋಡಿಸಿಟ್ಟ ಕತ್ತರಿ ಚಿಮಟಗಳ ತಟ್ಟೆ. ಒಡವೆ ಅಂಗಡಿಯಲ್ಲಿ ಓಲೆ, ಸರ, ಉಂಗುರ ಮೂರೂ ಒಂದೇ ಪೆಟ್ಟಿಗೆಯಲ್ಲಿ. ನಾಟಕದವರಿಗೆ ಹಿಂದೆ ಗೋಡೆಯಿಲ್ಲದ ಮನೆ. ರೇಡಿಯೋ ರಿಪೇರಿಯವರಿಗೆ ರೇಡಿಯೋನೇ ಸೆಟ್ಟು. ಜಿಮ್ಮಿನಲ್ಲಿ ಭಾರ ಎತ್ತುವ ಹುಡುಗರಿಗೆ ಉಸಿರು ಸುಧಾರಿಸಿಕೊಳ್ಳುವ ಮುಂಚಿನ ಒಂದು ಸುತ್ತು. ದರ್ಜಿಗೆ ಭುಜದ ಮೇಲೆ ಸುಕ್ಕಿಲ್ಲದೆ ಕೂತ ತೋಳು. ಇನ್ನು ಗಂಡನಿಗೂ ತನಗೂ ಸೆಟ್ ಆಗುವುದಿಲ್ಲ ಎಂದು ಬಸ್ಸಿನಲ್ಲಿ ಪಕ್ಕದವಳಿಗೆ ಹೇಳುತ್ತಿದ್ದ ಹೆಂಗಸಿನ ಮಾತನ್ನೂ ಕಿವಿಯಕ್ಕ ಬಿಟ್ಟಿಲ್ಲ. ಆ ಕಾರ್ಡು ಬರೆದು ಮುಗಿಸುವಷ್ಟರಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು.

ಈ ಕೆಲಸಕ್ಕೆ ಎರಡು ಕಟ್ಟಳೆಗಳಿವೆ. ಒಂದು ಅರ್ಥ ಪುಸ್ತಕಕ್ಕೆ ಸೇರಬೇಕಾದರೆ ಆ ಕಸುಬಿನ ಇಬ್ಬರ ಬಾಯಿಂದ ಬರಬೇಕು, ಇಬ್ಬರೂ ಬೇರೆ ಬೇರೆ ಕಡೆ ಕೆಲಸ ಕಲಿತವರಾಗಿರಬೇಕು. ಎರಡನೆಯದು ಇನ್ನೂ ಬಿಗಿ: ಹೆಕ್ಕಲು ಹೋದವರು ಆ ಪದವನ್ನು ತಾವಾಗಿ ಮೊದಲು ಆಡಕೂಡದು. ಆಡಿದರೆ ಆ ಸಾಕ್ಷಿ ಕೆಟ್ಟಿತು, ಮತ್ತೆ ಆ ಪದಕ್ಕೆ ಅವರ ಬಳಿ ಹೋಗುವ ಹಾಗಿಲ್ಲ. ಕಚೇರಿಯಲ್ಲಿ ಅಂಥ ಕಾರ್ಡಿಗೆ ‘ಎಂಜಲು’ ಎನ್ನುತ್ತಾರೆ. ಮೊದಮೊದಲು ಒಬ್ಬರು ಗ್ಯಾರೇಜಿಗೆ ಹೋಗಿ, ಇದಕ್ಕೆ ಹೀಗೆ ಅನ್ನುತ್ತೀರಾ ಎಂದು ತಾವೇ ಕೇಳಿ, ಯಾರೂ ಎಂದೂ ಆಡದ ಒಂದು ಪದವನ್ನು ಅಚ್ಚಿನ ಬಾಗಿಲವರೆಗೂ ತಂದಿದ್ದರಂತೆ.

“ನಮ್ಮ ಜನ ಒಳ್ಳೆಯವರು, ಅದೇ ತೊಂದರೆ” ಎನ್ನುತ್ತಾರೆ ಕಿವಿಯಕ್ಕ. “ಮನೆ ಬಾಗಿಲಿಗೆ ಬಂದವರು ಏನಾದ್ರೂ ಕೇಳಿದ್ರೆ, ಪಾಪ, ಇಲ್ಲ ಅನ್ನೋಕೆ ಅವರಿಗೆ ಬಾಯಿ ಬರಲ್ಲ. ಅದಕ್ಕೇ ನಾನು ಕೇಳೋದೇ ಇಲ್ಲ.”

ಕೇಳದೆ ಕೂರುವವರನ್ನು ನಂಬುವವರು ಕಡಿಮೆ. ತೆರಿಗೆಯವರ ಗೂಢಚಾರಿಣಿ ಎಂದು ಒಂದು ವರ್ಕ್‌ಶಾಪಿನಿಂದ ಎಬ್ಬಿಸಿ ಕಳಿಸಿದ್ದಾರೆ. ಮದುವೆಗೆ ಹೆಣ್ಣು ನೋಡಲು ಬಂದವರಿರಬೇಕೆಂದು ಇನ್ನೊಂದು ಕಡೆ ಕುರ್ಚಿ ಹಾಕಿ ಟೀ ಕೊಟ್ಟಿದ್ದಾರೆ. ಬೂದಿ, ಗ್ರೀಸು, ವೆಲ್ಡಿಂಗಿನ ಕಿಡಿ ಹಾರಿ ಸೀರೆಗಳೆಲ್ಲ ತೂತು. ಗಂಡ ಬಸ್ ಡಿಪೋದಲ್ಲಿ ಕೆಲಸದವರು, ಊಟಕ್ಕೆ ಕೂತಾಗ ಡಿಪೋದ ಸುದ್ದಿ ಎತ್ತಲೂ ಹೆದರುತ್ತಾರಂತೆ, ಅನ್ನ ಬಡಿಸುವ ಕೈ ನಿಂತು ಕಾರ್ಡು ಹೊರಗೆ ಬರುತ್ತದಲ್ಲ ಎಂದು.

ಸೆಟ್‌ನ ಪುಟ ಅಚ್ಚಿಗೆ ಹೋಗುವ ದಿನ ಹತ್ತಿರವಾಗಿದೆ. ಉಳಿದಿರುವುದು ಒಂದೇ ಅರ್ಥ, ಅದು ಕಿವಿಯಕ್ಕನಿಗೆ ಎಲ್ಲಕ್ಕಿಂತ ಹಳೆಯದು. ಅವರ ಅಪ್ಪ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಅರ ಹಾಕುತ್ತಿದ್ದವರು. ಹಲ್ಲನ್ನು ಅರದಿಂದ ಉಜ್ಜಿ ಚೂಪು ಮಾಡಿದರೆ ಸಾಲದು. ಒಂದು ಹಲ್ಲನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಕೂದಲೆಳೆಯಷ್ಟು ಬಾಗಿಸಬೇಕು. ಆಗ ಸೀಳು ಅಲಗಿಗಿಂತ ತುಸು ಅಗಲವಾಗಿ, ಗರಗಸ ಮರದೊಳಗೆ ಕಚ್ಚಿಕೊಳ್ಳದೆ ಓಡುತ್ತದೆ. ಹೀಗೆ ಬಾಗಿಸುವುದಕ್ಕೆ ಅಪ್ಪ ಅನ್ನುತ್ತಿದ್ದದ್ದು ಸೆಟ್. ಮಗಳು ಓದು ಕಲಿಯುವ ಮೊದಲೇ ಕೇಳಿದ ಮಾತು. ಅಪ್ಪ ಒಬ್ಬ ಸಾಕ್ಷಿಯಾದರು, ಇನ್ನೊಬ್ಬರು ಬೇಕು. ಈಗಿನ ಮಿಲ್ಲುಗಳಲ್ಲಿ ಅಲಗು ಮೊಂಡಾದರೆ ಯಂತ್ರಕ್ಕೆ ಕೊಡುತ್ತಾರೆ ಅಥವಾ ಎಸೆಯುತ್ತಾರೆ. ಅರ ಹಿಡಿದು ಕೂರುವವರು ಹುಡುಕಿದರೂ ಇಲ್ಲ.

ಅಪ್ಪ ಈಗ ಮಗಳ ಮನೆಯಲ್ಲೇ ಇದ್ದಾರೆ. ಕಣ್ಣು ಮಂಜಾಗಿದೆ, ಕಿಟಕಿಯ ಪಕ್ಕದ ಮಂಚ ಬಿಟ್ಟು ಹೆಚ್ಚು ಏಳುವುದಿಲ್ಲ. ಜೀವಮಾನದಲ್ಲಿ ಮಗಳನ್ನು ಒಂದು ಲೋಟ ನೀರಿಗೂ ಕರೆದವರಲ್ಲ. ಅಂಥವರು ಒಂದು ದಿನ, ಆ ಬುಕ್ಕಲ್ಲಿ ನಮ್ಮ ಕೆಲಸದ ಮಾತೂ ಬರುತ್ತದೆಯೇ ಎಂದು ಕೇಳಿದ್ದಾರೆ. ಬರುತ್ತದೆ ಎಂದು ಮಗಳು ಮಾತು ಕೊಟ್ಟಿದ್ದಾರೆ. ಕಟ್ಟಳೆ ನೆನಪಾದದ್ದು ಆಮೇಲೆ.

ಊರೂರು ವಿಚಾರಿಸಿದ ಮೇಲೆ ಒಬ್ಬರು ಸಿಗುತ್ತಾರೆ. ಬಸ್ಸಿನಲ್ಲಿ ದೂರದ ದಾರಿ, ಮರದ ಡಿಪೋದ ಹಿಂದೆ ತಗಡಿನ ಮಾಡು ಇಳಿಸಿದ ಜಾಗ. ಅಲ್ಲೊಬ್ಬರು ಮುದುಕರು ಇನ್ನೂ ಅರ ಹಿಡಿಯುತ್ತಾರೆ, ಹೆಚ್ಚಾಗಿ ಹಳೆಯ ಬಡಗಿಗಳ ಕೈಗರಗಸ. ಕಿವಿಯಕ್ಕ ಮನೆಯ ಅಟ್ಟದಿಂದ ಅಪ್ಪನ ಗರಗಸವನ್ನೇ ಇಳಿಸಿ, ಹರಿತ ಮಾಡಿಸುವ ನೆಪದಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಮುದುಕರ ಬಾಯಿಂದ ಮಾತು ಹೊರಡಿಸುವುದು ಕಲ್ಲಿನಿಂದ ನಾರು ತೆಗೆದ ಹಾಗೆ. ಮೊದಲ ದಿನ, ನಾಳೆ ಬಾ ಎಂದರು. ಮರುದಿನ, ಇನ್ನೂ ಆಗಿಲ್ಲ ಎಂದರು. ಕಿವಿಯಕ್ಕ ಎರಡು ದಿನವೂ ಮರದ ಹೊಟ್ಟಿನ ಮೇಲೆ ಕೂತು ಬಂದರು.

ಮೂರನೆಯ ಬೆಳಗ್ಗೆ ಮುದುಕರು ಆ ಗರಗಸವನ್ನು ಕೈಗೆತ್ತಿಕೊಂಡಿದ್ದಾರೆ. ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಲ್ಲಿನ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಾರೆ. ಹಲ್ಲು ಬಾಗಿಸುವ ಸಲಕರಣೆಯನ್ನು ತೆಗೆದವರು ಮತ್ತೆ ಪಕ್ಕಕ್ಕಿಡುತ್ತಾರೆ. ಕಿವಿಯಕ್ಕನ ಕೈ ಚೀಲದೊಳಗಿನ ಕಾರ್ಡಿನ ಮೇಲಿದೆ.

“ಇದನ್ನ ಮುಟ್ಟೋ ಹಾಗೇ ಇಲ್ಲ” ಎನ್ನುತ್ತಾರೆ ಮುದುಕರು. “ಎಷ್ಟು ವರ್ಷ ಆಗಿದೆಯೋ, ಒಂದು ಹಲ್ಲೂ ಆಚೀಚೆ ಆಗಿಲ್ಲ. ಯಾರಮ್ಮ ಇದನ್ನ ಮಾಡಿದ್ದು?”

ಅಪ್ಪನ ಕೆಲಸವನ್ನು ಆ ಕೆಲಸ ಬಲ್ಲವರೊಬ್ಬರು ಹೊಗಳಿದ್ದನ್ನು ಕಿವಿಯಕ್ಕ ಈವರೆಗೆ ಕೇಳಿರಲಿಲ್ಲ. ಮಿಲ್ಲಿನಲ್ಲಿ ಬೈಗುಳ ಕೇಳಿದ್ದುಂಟು, ಹೊಗಳಿಕೆ ಇಲ್ಲ. ಕಾರ್ಡಿನ ಮೇಲಿದ್ದ ಕೈ ಚೀಲದಿಂದ ಹೊರಗೆ ಬಂತು, ಬಾಯಿಯ ಬೀಗವೂ ಬಿಚ್ಚಿತು.

“ನಮ್ಮಪ್ಪ” ಎಂದುಬಿಟ್ಟರು. “ಸೆಟ್ ಮಾಡೋದ್ರಲ್ಲಿ ನಮ್ಮಪ್ಪನ್ನ ಮೀರಿಸೋರೇ ಇರಲಿಲ್ಲ.”

“ಹೌದು, ಸೆಟ್ ಚೆನ್ನಾಗಿದೆ” ಎಂದರು ಮುದುಕರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಯಾರಾದರೂ ಅಲ್ಲಿದ್ದರೆ ನಡೆಯಬಾರದ್ದು ನಡೆಯಿತೆಂದು ತಿಳಿಯುತ್ತಲೂ ಇರಲಿಲ್ಲ. ಒಬ್ಬರು ಮುದುಕರು, ಒಬ್ಬ ಹೆಂಗಸು, ಒಂದು ಗರಗಸ, ನಾಲ್ಕು ಒಳ್ಳೆಯ ಮಾತು. ಕಿವಿಯಕ್ಕ ಕಾರ್ಡು ತೆಗೆದು ಮುದುಕರ ವಾಕ್ಯ ಬರೆಯುತ್ತಾರೆ, ಅದರ ಮೇಲೆ ತಮ್ಮ ವಾಕ್ಯವನ್ನೂ ಬರೆಯುತ್ತಾರೆ, ಮೂಲೆಯಲ್ಲಿ ಎಂಜಲು ಎಂದು ಬರೆದು ಗೆರೆ ಎಳೆಯುತ್ತಾರೆ. ವಾಪಸ್ ಬರುವ ಬಸ್ಸಿನಲ್ಲಿ, ಪಕ್ಕದವರು ಏನು ಮಾತಾಡಿದರೂ ಅವರ ಕಿವಿಗೆ ಬೀಳಲಿಲ್ಲ. ಹಾಗಾದದ್ದು ಅದೇ ಮೊದಲು ಎನ್ನುತ್ತಾರೆ.

ಕಚೇರಿಯ ಸಂಪಾದಕರು ಕಾರ್ಡನ್ನು ಎರಡು ಸಲ ಓದುತ್ತಾರೆ. ಕಟ್ಟಳೆ ಮಾಡಿದವರು ಅವರೇ, ಆದರೆ ಹೃದಯವಿಲ್ಲದವರಲ್ಲ. ಆ ಮುದುಕರಿಗೆ ಪದ ಗೊತ್ತಿದ್ದದ್ದು ಸ್ಪಷ್ಟವಾಗಿಯೇ ಇದೆಯಲ್ಲ, ಸೇರಿಸೋಣ ಎಂದು ಅವರೇ ಹೇಳುತ್ತಾರೆ. ಕಿವಿಯಕ್ಕ ಕಿಟಕಿಯಾಚೆ ನೋಡುತ್ತಾ ನಿಂತಿದ್ದಾರೆ.

“ಗೊತ್ತಿರಬಹುದು ಸಾರ್. ಆದ್ರೆ ಅವರಾಗಿ ಅನ್ನಲಿಲ್ಲ. ನನ್ನ ಮನಸ್ಸಿಗೆ ನೋವಾಗದ ಹಾಗೆ ಅಂದಿದ್ರೂ ಅಂದಿರಬಹುದು. ಅದು ಹೇಗೆ ಗೊತ್ತಾಗುತ್ತೆ?”

ಸಂಪಾದಕರು ಮತ್ತೆ ಒತ್ತಾಯ ಮಾಡುವುದಿಲ್ಲ. ಇನ್ನೊಬ್ಬರನ್ನು ಹುಡುಕಲು ಉಳಿದ ದಿನಗಳೂ ಕಳೆಯುತ್ತವೆ. ಯಾರೂ ಸಿಗುವುದಿಲ್ಲ. ಪುಟ ಅಚ್ಚಿಗೆ ಹೋಗುತ್ತದೆ.

ಕರಡು ಪುಟ ಕೈಗೆ ಬಂದ ಸಂಜೆ ಕಿವಿಯಕ್ಕ ಅಪ್ಪನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಓದಲು ಕೂರುತ್ತಾರೆ. ಗಾರೆಯವರದು, ಮೂಳೆಯದು, ಒಡವೆಯದು, ನಾಟಕದ್ದು, ದರ್ಜಿಯದು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಾರೆ, ಬಸ್ಸಿನ ಹೆಂಗಸಿನ ಮಾತಿಗೆ ನಗುತ್ತಾರೆ. ಓದು ಮುಗಿಯುತ್ತದೆ. ಅಪ್ಪ ಇನ್ನೂ ಕಾಯುತ್ತಿದ್ದಾರೆ.

“ಅಷ್ಟೇ ಅಪ್ಪ. ನಿಮ್ಮದು ಸೇರಲಿಲ್ಲ. ನಾನೇ ಮೊದಲು ಬಾಯಿ ಬಿಟ್ಟುಬಿಟ್ಟೆ.”

ಹೇಗೆ ಎಂದು ಅಪ್ಪ ಕೇಳುತ್ತಾರೆ. ಮಗಳು ತಗಡಿನ ಜಾಗ, ಮರದ ಹೊಟ್ಟು, ಬೆಳಕಿಗೆ ಹಿಡಿದ ಗರಗಸ ಎಲ್ಲ ಹೇಳುತ್ತಾರೆ. ಮುದುಕರು ಏನಂದರು ಎನ್ನುವುದನ್ನು ಅಪ್ಪ ಎರಡು ಸಲ ಹೇಳಿಸಿಕೊಳ್ಳುತ್ತಾರೆ. ಆಮೇಲೆ ಗರಗಸ ಕೊಡು ಎಂದು ಕೈ ಚಾಚುತ್ತಾರೆ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಹೆಬ್ಬೆರಳನ್ನು ಹಲ್ಲಿನ ಸಾಲಿನುದ್ದಕ್ಕೂ ನಿಧಾನವಾಗಿ ಎಳೆಯುತ್ತಾರೆ. ಕೊನೆಯ ಹಲ್ಲಿಗೆ ಬಂದು ಬೆರಳು ನಿಲ್ಲುತ್ತದೆ.

“ಸ್ವಂತ ಅಪ್ಪನದ್ದನ್ನೇ ಬಿಟ್ಟಿದ್ದೀಯ ಅಂದ್ರೆ” ಎನ್ನುತ್ತಾರೆ ಅಪ್ಪ, “ಆ ಬುಕ್ಕಲ್ಲಿ ಇರೋದನ್ನೆಲ್ಲ ಕಣ್ಣು ಮುಚ್ಚಿ ನಂಬಬಹುದು ಕಣಮ್ಮ.”