ಯಾರೂ ತುಂಬದ ಉಡಿ

ಮಣ್ಣೂರಿನ ನಮ್ಮ ಮಹಿಳಾ ಒಕ್ಕೂಟದ ಅಧ್ಯಕ್ಷೆಯ ಚುನಾವಣೆಗೆ ನಿಂತವರು ಇಬ್ಬರೇ, ನಾನು ಮತ್ತು ನನ್ನ ಮೈದುನನ ಹೆಂಡತಿ. ಪ್ರಚಾರದ ಆಟೊ, ಚಹಾ, ಚೀಟಿ ಎಲ್ಲವೂ ಸರ್ಕಾರಿ ಅನುದಾನದ್ದು. ಹಾಗಾಗಿ ಅಭ್ಯರ್ಥಿಗಳು ಯಾರ ಮನೆಯಿಂದಲೂ ಏನನ್ನೂ ಪಡೆಯಬಾರದು ಎಂದು ನಿಯಮವಿತ್ತು.

ಆದರೆ ಆಕೆ ಮತ ಕೇಳಲು ಹೋದ ಮನೆಯಲ್ಲೆಲ್ಲ ಹೆಂಗಸರು ಸೆರಗಿನಲ್ಲಿ ರವಿಕೆಯ ಖಣ, ತೆಂಗಿನಕಾಯಿ ಇಟ್ಟು ಉಡಿ ತುಂಬಿ ಕಳಿಸುತ್ತಿದ್ದರು. ಭಾರದ ಸೆರಗು ಹಿಡಿದು ಆಕೆ ಅಂಗಳಕ್ಕೆ ಬರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅದೇ ಮನೆಗಳಿಗೆ ನಾನೂ ಹೋಗಿದ್ದೆ. ನನಗೆ ಕುಂಕುಮವಷ್ಟೇ ಹಚ್ಚಿದ್ದರು.

ಚುನಾವಣೆ ನಡೆಸಲು ಅಫಜಲಪುರದಿಂದ ಬಂದಿದ್ದ ಮೇಡಂಗೆ ಸಭೆಯಲ್ಲೇ ದೂರು ಹೇಳಿದೆ. "ಉಡಿ ತುಂಬಿಸ್ಕೊಂಡ್ರೂ ತಗೊಂಡಂಗ ಅಲ್ಲೇನ್ರಿ?"

ಮೇಡಂ ತುಸು ಯೋಚಿಸಿದರು. "ಹಂಗಾದ್ರ ಇಬ್ರೂ ಬಂದಿದ್ದೆಲ್ಲಾ ತಂದಿಡ್ರಿ. ಕೊಟ್ಟವರಿಗೆ ವಾಪಸ್ ಕೊಡೂಣು."

ಆಕೆ ಎರಡು ಚೀಲ ತಂದು ಮೇಜಿನ ಮೇಲೆ ಸುರಿದಳು. ಎಲ್ಲರೂ ನನ್ನ ಕಡೆ ನೋಡಿದರು.

"ನನ್ನವೂ ಮನ್ಯಾಗ ಅದಾವ್ರಿ, ತರ್ತೇನಿ" ಎಂದು ಓಡಿದೆ. ಟ್ರಂಕಿನಲ್ಲಿದ್ದ ನನ್ನವೇ ಐದು ಖಣ ತಂದಿಟ್ಟೆ. ಏನೂ ಸಿಗದವಳು ಅನ್ನಿಸಿಕೊಳ್ಳುವುದಕ್ಕಿಂತ ನಿಯಮ ಮುರಿದವಳು ಅನ್ನಿಸಿಕೊಳ್ಳುವುದೇ ವಾಸಿ ಎನಿಸಿತ್ತು.

ಆಕೆಯ ಖಣಗಳೆಲ್ಲ ಕೊಟ್ಟವರ ಕೈ ಸೇರಿದವು. ಮೇಡಂ ನನ್ನವನ್ನು ಎತ್ತಿ ಹಿಡಿದರು. "ಇವು ಯಾರು ಕೊಟ್ಟಿದ್ದು?"

ತಾವು ಕೊಟ್ಟದ್ದೆಂದು ಯಾರೂ ಮುಂದೆ ಬರಲಿಲ್ಲ. ಆಗ ನನ್ನ ಮೈದುನನ ಹೆಂಡತಿ ಕೈ ಎತ್ತಿದಳು.

"ನಾನ್ರಿ. ನಮ್ಮಕ್ಕಗ ನಾನೇ ಉಡಿ ತುಂಬೇನಿ."

ಚುನಾವಣೆಯಲ್ಲಿ ಸೋತದ್ದನ್ನು ಎಂದೋ ಮರೆತೆ. ಆ ಕೈಯನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.