ಜ್ವರಕ್ಕೆ ಕೂತ ಕಂಪ್ಯೂಟರು

ಅವತ್ತು ಕೊಟ್ಟಿಗೆ ಬಾಚಿದೆ, ಡೇರಿಗೆ ಹಾಲು ಹಾಕಿ ಬಂದೆ, ರೇಷ್ಮೆಹುಳುವಿಗೆ ಎರಡು ಸಲ ಸೊಪ್ಪು ಕೊಟ್ಟೆ, ಒಂದು ಬಕೀಟು ಬಟ್ಟೆ ಒಗೆದೆ, ಕಂಪ್ಯೂಟರಿನ ಧೂಳು ಒರೆಸಿದೆ.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಅಲ್ಲೆಲ್ಲೋ ಹಳೇದೆಂದು ಹೊರಗೆ ಹಾಕಿದ್ದ ಕಂಪ್ಯೂಟರನ್ನು ನಮ್ಮ ಯಜಮಾನರು ಜಾತ್ರೆಯಲ್ಲಿ ಜೋಡೆತ್ತು ಹಿಡಿದವರ ಹಾಗೆ ಮನೆಗೆ ತಂದಿದ್ದರು. ಅವತ್ತಿನ ಮಾರನೆಯ ದಿನ ನನ್ನ ನಾದಿನಿಗೆ ಅಂಥದೇ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸದ ಪರೀಕ್ಷೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿ ತೋರಿಸಬೇಕು. ಅವಳು ಕಲಿತಿದ್ದೆಲ್ಲ ಟೈಪ್‌ರೈಟರಿನಲ್ಲಿ. ಒಂದು ಸಂಜೆಯಾದರೂ ಕೈ ಪಳಗಲಿ ಎಂದು ರಾಮನಗರದ ಟೈಪಿಂಗ್ ಕ್ಲಾಸಿನಿಂದ ಕನ್ನಡ ಸಾಫ್ಟ್‌ವೇರಿನ ಸಿ.ಡಿ. ಬೇಡಿ ತಂದಿದ್ದಳು. ಐದು ಗಂಟೆಯ ಬಸ್ಸಿಗೆ ಅದನ್ನು ವಾಪಸ್ ಕಳಿಸಬೇಕಿತ್ತು.

ಹನ್ನೆರಡಕ್ಕೆ ಸಿ.ಡಿ. ಹಾಕಿದೆವು. ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧದವರೆಗೆ ಓಡಿ ನಿಂತುಬಿಟ್ಟಿತು.

"ಜ್ವರಕ್ಕೆ ಕೂತೈತೆ, ಯಾರೂ ಮುಟ್ಬ್ಯಾಡಿ," ಎಂದರು ಯಜಮಾನರು.

ಪೊರೆ ಬಿಡುವ ಮುಂಚೆ ರೇಷ್ಮೆಹುಳು ಸೊಪ್ಪು ತಿನ್ನದೆ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳುವನ್ನು ಕೆಣಕಿದರೆ ಕೆಡುತ್ತದೆ. ಯಜಮಾನರು ಪರದೆಯ ಮೇಲೆ ಟವಲು ಹೊದಿಸಿ, ಕಿಟಕಿ ಓರೆ ಮಾಡಿ, ಘಾಟು ಬಡಿಯುತ್ತದೆ, ಒಗ್ಗರಣೆ ಕೂಡ ಹಾಕಬೇಡ ಎಂದು ನನಗೆ ಹೇಳಿದರು.

"ಅತ್ತಿಗೆ, ಇದೇನ್ ಹುಳವಾ?" ನಾದಿನಿ ಪಿಸುಗುಟ್ಟಿದಳು.

"ನಿಮ್ಮಣ್ಣನ್ನ ಕೇಳವ್ವ. ನಾನು ಸಾರಿಗೇ ಒಗ್ಗರಣೆ ಕಾಣದೆ ಕೂತಿವ್ನಿ."

ಮೂರು ಗಂಟೆಗೆ ಅವಳಿಗೆ ತಡೆಯಲಾಗಲಿಲ್ಲ, ಟವಲು ಎಳೆದಳು. ಇಂಗ್ಲಿಷಿನಲ್ಲಿ ಒಂದು ಚೌಕ ಬಂದು ಕೂತಿತ್ತು. ಓದಿದವಳೇ, "ಅಣ್ಣಾ, ಜಾಗ ಇಲ್ಲ, ಒಸಿ ಖಾಲಿ ಮಾಡ್ರಪ್ಪಾ ಅಂತ ಆಗ್ಲಿಂದ ಬಾಯಿ ಬಡ್ಕೊಂತೈತೆ ಇದು! ನೀನು ಹೊದಿಸಿ ಮಲಗ್ಸಿದ್ದೀಯ!" ಎಂದಳು. ಗಡಿಯಾರ ನೋಡಿ ಅವಳ ಕಣ್ಣು ತುಂಬಿತು.

ಇಸ್ಪೀಟಿನ ಆಟ ಅಳಿಸಿದೆವು. ಹಾಡುಗಳನ್ನು ಅಳಿಸಿದೆವು. ಸಾಲಲಿಲ್ಲ. ಉಳಿದಿದ್ದು ಒಂದೇ: ಡೇರಿ ಕಟ್ಟಡ ತೆರೆದ ದಿನ ಯಜಮಾನರು ಮಾಡಿದ ಭಾಷಣದ ವೀಡಿಯೊ. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮುಂಚೆ ಅದನ್ನೇ ಬಡಿಸುತ್ತಿದ್ದರು.

"ಅದ್ ಬ್ಯಾಡ. ಇನ್ನೆಲ್ಲೂ ಇಲ್ಲ ಅದು."

ನಾದಿನಿ ಸಿ.ಡಿ.ಯ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವರು ಅವಳನ್ನು ನೋಡಿದರು, ಡಬ್ಬಿ ನೋಡಿದರು. "ಒಂದ್ಸಲ ನೋಡ್ಬುಡ್ತೀನಿ ತಾಳು," ಎಂದು ಭಾಷಣವನ್ನು ಮೊದಲಿಂದ ಕೊನೆಯವರೆಗೆ ಕೈಕಟ್ಟಿಕೊಂಡು ನೋಡಿದರು. ಆಮೇಲೆ ತಾವೇ ಗುಂಡಿ ಒತ್ತಿ ಅಳಿಸಿದರು.

"ಬುಡಿ, ನಂಗದು ಬಾಯಿಪಾಠ. ನೆಂಟ್ರು ಬಂದ್ರೆ ನಾನೇ ಒಪ್ಪಿಸ್ತೀನಿ," ಎಂದೆ.

"ಚಪ್ಪಾಳೆ ಯಾರು ಹೊಡೀತಾರೆ?" ಎಂದರು, ನಗಲಿಲ್ಲ.

ಪಟ್ಟಿ ಕೊನೆ ಮುಟ್ಟಿದಾಗ ನಾಲ್ಕೂಮುಕ್ಕಾಲು. ಅವರೇ ಓಡಿಹೋಗಿ ಸಿ.ಡಿ.ಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದರು. ನಾದಿನಿ ದೀಪ ಹಚ್ಚುವ ಹೊತ್ತು ದಾಟಿದರೂ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಮೊದಮೊದಲು ಬೇಕಾದ ಅಕ್ಷರ ಬಿಟ್ಟು ಪಕ್ಕದ್ದೇ ಬೀಳುತ್ತಿತ್ತು. ಬರಬರುತ್ತ ಬೆರಳಿಗೆ ದಾರಿ ಸಿಕ್ಕಿತು.

ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡೆವು. ಉಣ್ಣುವಾಗಲೂ ಅವಳ ಎಡಗೈ ನೆಲದ ಮೇಲೆ ಟೈಪ್ ಮಾಡುತ್ತಲೇ ಇತ್ತು. ನಾಳೆಯ ಪರೀಕ್ಷೆ ನೆನೆದು ಹೊರಳಾಡುತ್ತಾಳೇನೋ ಎಂದುಕೊಂಡಿದ್ದೆ. ಚಾಪೆಗೆ ಬೆನ್ನು ಕೊಟ್ಟವಳು ಎಲ್ಲರಿಗಿಂತ ಮೊದಲು ನಿದ್ದೆಹೋಗಿಬಿಟ್ಟಳು.